ಮಳೆಗಾಲದ ಮಲೆನಾಡಲ್ಲಿ ಕ್ಯಾಮೆರಾಗೆ ಭಟ್ಟಿ ಕಟ್ಟಿದ್ದು: ನನ್ನ ಅನುಭವ

ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಹಳೇ ಮನೆಯೊಂದರಲ್ಲಿ ಸಿನಿಮಾಕ್ಕೆ ಬ್ರೆಡ್ ಬೇಯಿಸುವ ದೃಶ್ಯ ತೆಗೆಯೋಣ ಅಂದಾಗ ನಮ್ಮ ಆರ್ಟ್ ಡಿಪಾರ್ಟ್‌ಮೆಂಟಿನವರೇ ಬೇಡ ಅಂದಿದ್ದರು. ಹಿಟ್ಟು ಉಬ್ಬಲ್ಲ, ಸೌದೆ ಹತ್ತಲ್ಲ, ಕರೆಂಟ್ ನಿಲ್ಲಲ್ಲ. ಬೆಂಗಳೂರಲ್ಲಿ ಸ್ಟುಡಿಯೋ ಫ್ಲೋರ್ ಹಿಡಿದು ಸೆಟ್ ಹಾಕು, ಒಲೆಯೊಳಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಸುತ್ತಿದ ಲೈಟಿಡು, ಹೊಗೆಗೆ ಮೆಷಿನ್ ಇದ್ದೇ ಇದೆ. ಎಲ್ಲರದ್ದೂ ಇದೇ ಮಾತು. ಎಡಿಟ್ ಆದ ದೃಶ್ಯ ನೋಡಿದ ಮೇಲೆ ಅದೇ ಜನ ಹೇಗೆ ಮಾಡಿದೆ ಅಂತ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಬರೆದೇ ಇಟ್ಟರೆ ವಾಸಿ.

ಕಥೆ ಎಪ್ಪತ್ತರ ದಶಕದ್ದು. ಬೆಂಗಳೂರಿನ ಬೇಕರಿಯಲ್ಲಿ ದುಡಿದು ಊರಿಗೆ ಮರಳಿದ ಹುಡುಗ ಅಡಿಕೆ ತೋಟದ ಮನೆಯಲ್ಲಿ ಸೌದೆ ಭಟ್ಟಿ ಕಟ್ಟುತ್ತಾನೆ, ಅವನ ಅಮ್ಮನಿಗೆ ಅದು ಸುತರಾಂ ಇಷ್ಟವಿಲ್ಲ. ಭಟ್ಟಿ ಬಾಗಿಲು ತೆಗೆಯುವ ದೃಶ್ಯ ಸ್ಕ್ರಿಪ್ಟಿನಲ್ಲಿ ನಾಲ್ಕು ಕಡೆ ಬರುತ್ತದೆ. ಓದಿದ ಕೂಡಲೇ ನನಗೆ ಅನಿಸಿದ್ದು, ಇಲ್ಲಿ ಬ್ರೆಡ್ಡಿಗಿಂತ ಮುಖ ಮುಖ್ಯ. ಬ್ರಿಟಿಷ್ ಟೀವಿಯಲ್ಲಿ 2010ರಲ್ಲಿ ಶುರುವಾದ 'ಗ್ರೇಟ್ ಬ್ರಿಟಿಷ್ ಬೇಕ್ ಆಫ್' ಅನ್ನುವ ಬೇಕಿಂಗ್ ಸ್ಪರ್ಧೆಯನ್ನೇ ನೋಡಿ. ಟೆಂಟಿನೊಳಗೆ ಜನ ಓವನ್ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಜಿನೊಳಗೆ ಇಣುಕುವ ಶಾಟ್ ಇಲ್ಲದಿದ್ದರೆ ಆ ಕಾರ್ಯಕ್ರಮವೇ ಇಲ್ಲ. ಓವನ್ನಿನಲ್ಲಿ ನಡೆಯುವುದು ಕಣ್ಣಿಗೆ ಕಾಣದಷ್ಟು ನಿಧಾನ; ನಡೆಯುವುದೆಲ್ಲ ಇಣುಕುವವರ ಮುಖದಲ್ಲಿ. ನಮ್ಮ ಧಾರಾವಾಹಿ ಅಡುಗೆಮನೆಗಳಲ್ಲಿ ಕಳೆದುಹೋಗಿರುವುದೇ ಇದು. ಫಳಫಳ ಕ್ಯಾಬಿನೆಟ್, ಹಚ್ಚದ ಗ್ಯಾಸ್, ಖಾಲಿ ಪಾತ್ರೆಯಲ್ಲಿ ಸೌಟು. ಬಿಸಿಯೇ ಇಲ್ಲದ ಕಡೆ ನಟರ ಮುಖ ಬಿಸಿ ಎಲ್ಲಿಂದ ತರಬೇಕು? ಹತ್ತು ವರ್ಷ ಇಂಥ ಅಡುಗೆಮನೆಗಳಿಗೆ ಸಾಮಾನು ಜೋಡಿಸಿ ಬೇಸತ್ತವನು ನಾನು.

ಮಳೆಗಾಲವೇ ಬೇಕು ಅಂತ ಹಟ ಹಿಡಿದಿದ್ದಕ್ಕೂ ಕಾರಣವಿದೆ. ಹಬೆ ಕಣ್ಣಿಗೆ ಬೀಳುವುದು ಸುತ್ತಲಿನ ಗಾಳಿ ತಣ್ಣಗಿದ್ದು, ತೇವ ತುಂಬಿದ್ದಾಗ. ಲೈಟುಗಳಿಂದ ಕಾದ ಫ್ಲೋರಿನಲ್ಲಿ ಕುದಿಯುವ ಸಾರಿನ ಹಬೆಯೂ ಎದ್ದಲ್ಲೇ ಮಾಯ. ಅದಕ್ಕೇ ಅಲ್ಲಿನವರು ಒದ್ದೆ ಹತ್ತಿಯನ್ನು ಮೈಕ್ರೋವೇವಿನಲ್ಲಿ ಕಾಯಿಸಿ ತಟ್ಟೆಯ ಹಿಂದೆ ಬಚ್ಚಿಡುವುದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕಾಫಿ ಲೋಟದ ಹಬೆಯೂ ಮಾರುದ್ದ ಏಳುತ್ತದೆ. ಹಿಂದೆ ಒಂದು ಕಿಟಕಿ, ಅದರಾಚೆ ಕಪ್ಪು ಮೋಡ, ಮೇಲೊಂದು ಬೆಳಕಿಂಡಿ ಇದ್ದರೆ ಸಾಕು. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೇ ಬಂದು 'ಮಾಲ್ಗುಡಿ ಡೇಸ್' ತೆಗೆದರು. ನಾವು ಅದೇ ಜಿಲ್ಲೆಯಲ್ಲಿ ಹುಟ್ಟಿ ಮಳೆಗೆ ಹೆದರುವುದು ಎಂಥದು ಅಂತ ನಿರ್ಮಾಪಕರ ಮುಂದೆ ಹೇಳಿಯೇಬಿಟ್ಟೆ.

ನನ್ನ ಲೆಕ್ಕದಲ್ಲಿ ಭಟ್ಟಿ ಎರಡು. ಹಿಂದಿನ ಕೊಟ್ಟಿಗೆಯಲ್ಲಿ ನಿಜವಾಗಿ ಬೇಯಿಸುವುದು ಒಂದು; ಅಡುಗೆಮನೆಯಲ್ಲಿ ಕ್ಯಾಮೆರಾಗೆ ಕಾಣುವುದು ಇನ್ನೊಂದು. ಕಾಣುವ ಭಟ್ಟಿಗೆ ಬೆನ್ನಿಲ್ಲ. ಕ್ಯಾಮೆರಾ ಆ ಬೆನ್ನಿನ ಕಡೆಯಿಂದ ನೋಡುತ್ತದೆ, ನಟ ಬಾಗಿಲು ತೆಗೆದರೆ ನೇರ ನಮ್ಮ ಕಣ್ಣಿಗೇ ಕಣ್ಣು. ಈ ಶಾಟ್ ಹೊಸದಲ್ಲ, ಫ್ರಿಜ್ಜಿನೊಳಗಿಂದ ತೆಗೆಯುವುದನ್ನು ಎಲ್ಲರೂ ನೋಡಿದ್ದೀರಿ. ಆದರೆ ಅಲ್ಲಿ ನಿಜವಾದ ಕೆಂಡ ಇಟ್ಟವರು ಕಡಿಮೆ.

ನಿಜದ ಭಟ್ಟಿ ಮೊದಲು ಮಣ್ಣಿನ ಗುಮ್ಮಟವಾಗಿ ಎದ್ದಿತ್ತು. ಹುತ್ತದ ಮಣ್ಣು, ಭತ್ತದ ಉಮಿ, ಬೆಲ್ಲದ ನೀರು ಕಲಸಿ, ಮರಳಿನ ಗುಡ್ಡೆ ಮೇಲೆ ಬಳಿದು ಮಾಡಿದ್ದು. ಬೇಸಿಗೆಯಾದರೆ ವಾರದಲ್ಲಿ ಗಂಟೆಯ ಹಾಗೆ ಠಣ್ ಅನ್ನುತ್ತಿತ್ತು. ಆ ಮಳೆಗೆ ಹದಿನೈದು ದಿನ ಸಣ್ಣ ಬೆಂಕಿ ಹಾಕಿದರೂ ಒಳಗಿನ ಪಸೆ ಆರಲಿಲ್ಲ. ಹೊರಮೈ ಒಣಗಿ ಬಿಗಿಯುತ್ತಿತ್ತು, ಒಳಗೆ ಹಸಿ. ಒಂದು ರಾತ್ರಿ ನೆತ್ತಿಯೇ ಕುಸಿಯಿತು. ಮಣ್ಣು, ಕೂಲಿ ಸೇರಿ ಸುಮಾರು 9-10 ಸಾವಿರ ನೀರಿಗೆ ಹೋಯಿತು. ಬೆಂಗಳೂರಿಗೆ ಸುದ್ದಿ ಮುಟ್ಟಿದ್ದೇ ತಡ, ಪ್ರೊಡಕ್ಷನ್ನಿನವರು 2 ಕಿಲೋವ್ಯಾಟಿನ ಕರೆಂಟ್ ಓವನ್ ಕಳಿಸಿಬಿಟ್ಟರು. ಹಳೇ ಮನೆಯ ವೈರಿಂಗ್ ಅದನ್ನು ತಾಳಬೇಕಲ್ಲ! ಫ್ಯೂಸ್ ಸುಟ್ಟು ಮನೆಯೆಲ್ಲ ಕತ್ತಲೆ. ಆ ಓವನ್ ಕೊನೆಗೆ ನಮ್ಮ ಹುಡುಗರ ಬಟ್ಟೆ ಇಡಲು ಆಯಿತು.

ಕೈಹಿಡಿದಿದ್ದು 200 ಲೀಟರಿನ ಡ್ರಮ್. ಶಿವಮೊಗ್ಗದ ಗುಜರಿಯಲ್ಲಿ 1,200ಕ್ಕೋ 1,300ಕ್ಕೋ ತಂದೆ. ಬಯಲಲ್ಲಿಟ್ಟು ಪೇಂಟೆಲ್ಲ ಹೋಗುವ ತನಕ ಸುಟ್ಟು, ಅಡ್ಡ ಮಲಗಿಸಿ, ಒಳಗೆ ನೆಲಕ್ಕೆ ಇಟ್ಟಿಗೆ ಹಾಸಿ, ಕೆಳಗೆ ಬೆಂಕಿಗೆ ಜಾಗ ಬಿಟ್ಟು, ಮೇಲೆ ಅಂಗೈದಪ್ಪ ಮಣ್ಣು ಮೆತ್ತಿದೆ. ತಗಡಿನ ಆಸರೆ ಇದ್ದಿದ್ದರಿಂದ ಮಣ್ಣು ಕುಸಿಯಲು ಜಾಗವೇ ಇರಲಿಲ್ಲ, ಕೆಳಗಿನ ಶಾಖಕ್ಕೆ ಮೂರೇ ದಿನದಲ್ಲಿ ಒಣಗಿತು. ಸೌದೆಗೆ ಒಣ ಅಕೇಶಿಯಾ, ಹೊತ್ತಿಸಲು ತೆಂಗಿನ ಚಿಪ್ಪು. ದೂರದಿಂದಲೇ ಶಾಖ ಅಳೆಯುವ ಗನ್ ಥರ್ಮಾಮೀಟರ್ ಹಿಡಿದರೆ ನೆಲದ ಇಟ್ಟಿಗೆ 230-240 ಡಿಗ್ರಿ. ಒಂದು ಸಲಕ್ಕೆ 400 ಗ್ರಾಮಿನ ಆರು ಬ್ರೆಡ್.

ಹಿಟ್ಟು ಉಬ್ಬಲ್ಲ ಅಂದವರಿಗೆ ಉತ್ತರ ಮನೆಯೊಳಗೇ ಇತ್ತು: ಬಚ್ಚಲುಮನೆ. ಹಂಡೆ ಒಲೆ ಬೆಳಗಿನಿಂದ ಉರಿಯುವ ಮನೆಯದು. ಅಡುಗೆಮನೆಯಲ್ಲಿ 20-21 ಡಿಗ್ರಿ ಇದ್ದರೆ ಬಚ್ಚಲಲ್ಲಿ 28-30, ತೇವವೂ ಬಿಟ್ಟಿ. ಬೇಕರಿಯವರು ದುಡ್ಡು ಸುರಿದು ಕೊಳ್ಳುವ, ಹಿಟ್ಟು ಉಬ್ಬಿಸುವ ಪ್ರೂಫಿಂಗ್ ಪೆಟ್ಟಿಗೆ ನಮಗೆ ಬಾಡಿಗೆ ಇಲ್ಲದೆ ಸಿಕ್ಕಿತು. ಹಂಡೆಯಿಂದ ಎಷ್ಟು ದೂರ, ಯಾವ ಎತ್ತರ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ. ಹಿಟ್ಟು ಏಳುವುದನ್ನು ಅಲ್ಲೇ ಟೈಮ್‌ಲ್ಯಾಪ್ಸ್ ತೆಗೆದೆವು: 10 ಸೆಕೆಂಡಿಗೊಂದು ಫ್ರೇಮ್, ಎರಡು ಗಂಟೆಗೆ 720 ಫ್ರೇಮ್, 25ರ ವೇಗದಲ್ಲಿ ಓಡಿಸಿದರೆ ಹತ್ತಿರ ಹತ್ತಿರ 29 ಸೆಕೆಂಡ್. ಎಡಿಟರ್ ಇಟ್ಟುಕೊಂಡಿದ್ದು ಬರೀ ಐದಾರು ಸೆಕೆಂಡ್, ಆದರೆ ಅದು ಇಡೀ ಸಿನಿಮಾದಲ್ಲೇ ಒಳ್ಳೆಯ ಐದಾರು ಸೆಕೆಂಡ್.

ಇನ್ನು ಕಾಣುವ ಭಟ್ಟಿ. ಮುಂದಿನ ಕಮಾನು ಪ್ಲೈವುಡ್ಡು, ಕೋಳಿ ಮೆಶ್, ಮೇಲೆ ನಿಜವಾದ ಮಣ್ಣು. ಒಳಮೈಗೆ ಒಲೆಯ ಮಸಿಯನ್ನೇ ಬಳಿದಿದ್ದು, ಕಪ್ಪು ಪೇಂಟಿನ ಹೊಳಪು ನನಗೆ ಆಗಿಬರುವುದಿಲ್ಲ. ಬೆಳಕಿಗೆ ಮೊದಲು ಎಲ್‌ಇಡಿ ಪಟ್ಟಿ ಹಾಕಿದ್ದರು, ಬೆಳಕು ತಗ್ಗಿಸಲು ಡಿಮ್ಮರ್ ಇಳಿಸಿದ ಕೂಡಲೇ ಮಾನಿಟರಿನಲ್ಲಿ ಅಡ್ಡಗೆರೆ ಓಡತೊಡಗಿತು. ಕಿತ್ತು ಹಾಕಿಸಿ ಹಳೇ ಕಾಲದ 100 ವ್ಯಾಟಿನ ಫಿಲಮೆಂಟ್ ಬಲ್ಬು ಮೂರು ತಂದೆ. ಫಿಲಮೆಂಟಿನ ಗುಣ ಗೊತ್ತಲ್ಲ, ಇಳಿಸಿದಷ್ಟೂ ಕೆಂಪಾಗುತ್ತದೆ, ಜೆಲ್ಲೇ ಬೇಡ. ಮೂರಕ್ಕೂ ಬೇರೆ ಬೇರೆ ಡಿಮ್ಮರ್, ಮೂವರು ಹುಡುಗರು. ಕೆಂಡ ಉಸಿರಾಡುವುದನ್ನು ಅರ್ಧ ಗಂಟೆ ಸುಮ್ಮನೆ ನೋಡಿಸಿ, ಆಮೇಲೆ ಕೈಗೆ ಕೊಟ್ಟೆ. ಯಂತ್ರದ ಮಿಣುಕು ಒಂದೇ ತಾಳದಲ್ಲಿ ಓಡುತ್ತದೆ. ಬೆಂಕಿಗೆ ಎಲ್ಲಿದೆ ತಾಳ?

ಬಲ್ಬಿನ ಜೊತೆ, ಫ್ರೇಮಿನ ಕೆಳಗೆ ಬಾಗಿಲ ಹೊಸಿಲಲ್ಲೇ ಕಬ್ಬಿಣದ ಬಾಣಲೆ ತುಂಬ ನಿಜವಾದ ಕೆಂಡ. ಇದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಬಾಗಿಲು ತೆಗೆದ ಕ್ಷಣ ನಟನ ರೆಪ್ಪೆ ತಾನಾಗಿ ಮುಚ್ಚುತ್ತದೆ, ಗಲ್ಲ ಒಂದಿಷ್ಟು ಹಿಂದೆ ಸರಿಯುತ್ತದೆ, ಹಣೆಯ ಕೂದಲು ಶಾಖಕ್ಕೆ ಅಲುಗುತ್ತದೆ. ಅಮ್ಮನ ಪಾತ್ರದವರು ಸೆರಗನ್ನು ಮೂಗಿಗೆ ಹಿಡಿದಿದ್ದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಡೈರೆಕ್ಟರ್ ಅದೇ ಟೇಕ್ ಇಟ್ಟುಕೊಂಡರು.

ತಲೆನೋವು ಕೊಟ್ಟಿದ್ದು ಗಾಜು. ಲೆನ್ಸಿಗೆ ಕಿಡಿ ಹಾರದಿರಲಿ ಅಂತ ಮುಂದೆ ಟಫನ್ಡ್ ಗಾಜು ನಿಲ್ಲಿಸಿದ್ದೆವು. ಬಿಸಿ ಬ್ರೆಡ್ ಒಳಗಿಟ್ಟ ಕೂಡಲೇ ತಣ್ಣನೆ ಗಾಜಿಗೆ ಹಬೆ ಕಟ್ಟಿ ಎಲ್ಲ ಮಬ್ಬು. ಹೇರ್ ಡ್ರೈಯರ್ ಸದ್ದಿಗೆ ಸೌಂಡಿನವರು ಬಿಡಲಿಲ್ಲ. ಸೋಪು ಸವರಿದರೆ ಬೆಳಕಿಗೆ ಗೆರೆ ಹೊಡೆಯಿತು. ಒಂದು ಇಡೀ ಮಧ್ಯಾಹ್ನ, ಹತ್ತು ಹನ್ನೆರಡು ಬ್ರೆಡ್ ಹೋದವು. ಆಮೇಲೆ ಹಚ್ಚಿದ್ದು ಮಲೆನಾಡಿನ ಎಲ್ಲ ಅಡುಗೆಮನೆಯಲ್ಲೂ ಇರುವ ವಸ್ತು. ಇದೂ ನನ್ನ ಹತ್ತಿರವೇ ಇರಲಿ.

ತೇವದ ಗಾಳಿ ಹಬೆಗೆ ಒಳ್ಳೆಯದು, ಬ್ರೆಡ್ಡಿನ ಸಿಪ್ಪೆಗೆ ಶತ್ರು. ಹೊರಬಂದ ಅರ್ಧ ಗಂಟೆಗೆ ಗರಿ ಹೋಗಿ ಮೆತ್ತಗಾಗುತ್ತಿತ್ತು. ಬಿಸಿಯಿರುವಾಗಲೇ ಕೊಯ್ದರೆ ಒಳಗೆ ಅಂಟಂಟು, ಆರಿಸಿ ಕೊಯ್ದರೆ ಹಬೆಯಿಲ್ಲ. ನಾವು ಕಂಡುಕೊಂಡಿದ್ದು ಹೀಗೆ: ಮುಕ್ಕಾಲು ಗಂಟೆ ಆರಲು ಬಿಟ್ಟು ತಿರುಳು ಕೂತ ಮೇಲೆ, ಟೇಕಿಗೆ ಐದು ನಿಮಿಷ ಮೊದಲು ಮತ್ತೆ ಭಟ್ಟಿಗೆ. ಸಿಪ್ಪೆ ಗರಿಗರಿ, ಕೊಯ್ದರೆ ಹಬೆ, ಚೂರೂ ನೀಟು. ಹೊರತೆಗೆದಾಗ ತಣ್ಣನೆ ಗಾಳಿ ತಗುಲಿ ಸಿಪ್ಪೆ ಚಟಪಟ ಬಿರಿಯುವ ಸದ್ದು ಬರುತ್ತದಲ್ಲ, ಅದನ್ನು ಮಳೆ ಸ್ವಲ್ಪ ಹೊಳವಾದ ರಾತ್ರಿಯೊಂದರಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿಸಿದೆ. ಥಿಯೇಟರಿನಲ್ಲಿ ಕೇಳಿದರೆ ಮೈ ಜುಮ್ಮೆನ್ನಬೇಕು.

ಬಿಡುವಿನಲ್ಲಿ ಬೇರೆ ಆಟಗಳೂ ನಡೆದವು. ಹಲಸಿನ ಬೀಜದ ಹಿಟ್ಟನ್ನು ಮೈದಾಕ್ಕೆ ಕಾಲು ಭಾಗ ಬೆರೆಸಿ ನೋಡಿದೆ, ಏಳಲೇ ಇಲ್ಲ, ಆದರೆ ರುಚಿ ಚೆನ್ನಾಗಿತ್ತು. ಅಡಿಕೆ ಸಿಪ್ಪೆ ಹೊಗೆಸಿ ಬೆಳಕಿಂಡಿಯಿಂದ ಬೀಳುವ ಬೆಳಕಿನ ಕೋಲು ಮೂಡಿಸಿದೆ. ಮೆಷಿನ್ ಹೊಗೆಗಿಂತ ನೂರು ಪಾಲು ಚೆಂದ, ಆದರೆ ಎರಡು ಟೇಕ್ ದಾಟಿದರೆ ಎಲ್ಲರಿಗೂ ಕೆಮ್ಮು. ಮನೆಯ ಹಿರಿಯರೊಬ್ಬರು ಇದೆಲ್ಲ ನೋಡಿ, ಇಷ್ಟಕ್ಕೆ ಭಟ್ಟಿ ಯಾಕೆ ಅಂತ ಸೌತೆಕಾಯಿ ತುರಿದು, ಅಕ್ಕಿ ತರಿ, ಬೆಲ್ಲ, ಕಾಯಿ ಕಲಸಿ ದಪ್ಪತಳದ ಪಾತ್ರೆಗೆ ಸುರಿದು, ಬಾಳೆಲೆ ಮುಚ್ಚಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿಟ್ಟರು. ಓವನ್ ಮಾಡುವ ಕೆಲಸ ಅದೇ ತಾನೆ! ಡೈರೆಕ್ಟರ್ ತಿಂದು ನೋಡಿ ಅಲ್ಲೇ ಸೀನ್ ಬದಲಿಸಿದರು. ಈಗ ಅಮ್ಮ ಮಗನಿಗೆ ಎದುರು ಮಾತಾಡುವುದಿಲ್ಲ. ಅವನ ಭಟ್ಟಿ ಪಕ್ಕದಲ್ಲೇ ಕೂತು ಕೆಂಡ ಮೇಲೆ ಕೆಳಗೆ ಹಾಕಿ ತನ್ನದನ್ನು ಬೇಯಿಸುತ್ತಾಳೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಕುಸಿದ ಗುಮ್ಮಟವೂ ಸೇರಿ ಎರಡು ಭಟ್ಟಿಗೆ 34-35 ಸಾವಿರ. ಮೈದಾ, ಈಸ್ಟ್, ಬೆಣ್ಣೆ, ಸೌದೆಗೆ 12ರ ಹತ್ತಿರ. ಬೆಂಗಳೂರಿನ ಫ್ಲೋರಿಗೆ, ಸೆಟ್ಟಿಗೆ ಅವರೇ ಹಾಕಿದ್ದ ಅಂದಾಜು ಮೂರು ಲಕ್ಷ ದಾಟಿತ್ತು. ನನ್ನ ಕೂಲಿ ಅರ್ಧ ಬಂದಿದೆ, ಉಳಿದಿದ್ದಕ್ಕೆ ದೀಪಾವಳಿ ಅಂತಿದ್ದಾರೆ. ನೀವು ಯಾರಾದರೂ ಇಂಥ ಕೆಲಸ ಹಿಡಿದರೆ ಬೇಯಿಸುವ ಭಟ್ಟಿಯ ಖರ್ಚನ್ನು ಪ್ರಾಪರ್ಟಿ, ಅಂದರೆ ಸೆಟ್ ಸಾಮಾನಿನ ಲೆಕ್ಕಕ್ಕೆ ಸೇರಿಸಲು ಬಿಡಬೇಡಿ, ಬೇರೆ ಸಾಲಿನಲ್ಲಿ ಬರೆಸಿ, ಸೌದೆ ಇಳಿಸುವ ಮೊದಲೇ ಮುಂಗಡ ತೆಗೆದುಕೊಳ್ಳಿ. ಡ್ರಮ್ ಭಟ್ಟಿ ಇನ್ನೂ ಅದೇ ಕೊಟ್ಟಿಗೆಯಲ್ಲಿದೆ. ಬಾಡಿಗೆಗೆ ಬೇಕಾದವರು ಮಳೆ ಬಿಡುವ ಮೊದಲೇ ಹೇಳಿ. ಆಮೇಲೆ ಕೊಟ್ಟಿಗೆ ಅಡಿಕೆ ಕೊಯ್ಲಿಗೆ ಬೇಕು.