ಅಜ್ಜಾರನ್ನು ದೆಹಲಿಯ ಬಹಾಯಿ ಮಂದಿರಕ್ಕೆ ಕರೆದೊಯ್ಯುವಾಗ

ಮಠದ ಅಜ್ಜಾರ (ಸ್ವಾಮಿಗಳ) ಜೊತೆ ದೆಹಲಿಗೆ ಹೊರಟಿದ್ದೀರಾ? ರಾಯಚೂರಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಗಾಡಿ ಬದಲಿಸುವ ಗೋಜಿಲ್ಲ. ಅಜ್ಜಾರಿಗೆ ಕೆಳಗಿನ ಬರ್ತ್ ಮಾಡಿಸಿ. ಬಹಾಯಿ ಧರ್ಮದವರ ಈ ಕಮಲದಾಕಾರದ ಮಂದಿರ (ಲೋಟಸ್ ಟೆಂಪಲ್) ಸೋಮವಾರ ಮುಚ್ಚಿರುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ. ಲಿಂಗಪೂಜೆ, ಪ್ರಸಾದ ಮುಗಿಸಿಕೊಂಡೇ ಹೊರಡಿ, ಯಾಕಂದ್ರೆ ಗೇಟಿನಿಂದ ಮಂದಿರದವರೆಗೆ ಒಳ್ಳೇ ನಡಿಗೆ ಇದೆ, ರಜೆ ದಿನವಾದರೆ ಸಾಲೂ ಜಾಸ್ತಿ.

ಒಳಗಿನ ರೀತಿಯನ್ನು ಮಾತ್ರ ರೈಲಿನಲ್ಲೇ ಹೇಳಿಬಿಡಿ: "ಬುದ್ಧೀ, ಅಲ್ಲಿ ಮೂರ್ತಿ ಇಲ್ಲ, ಪೂಜಾರಿ ಇಲ್ಲ, ಪ್ರವಚನವೂ ಇಲ್ಲರಿ." ಯಾವ ಧರ್ಮದವರಾದರೂ ಬಂದು ಮೌನವಾಗಿ ಕೂತು ತಮ್ಮ ದೇವರನ್ನು ನೆನೆಯಬಹುದು. ಪ್ರಾರ್ಥನೆಯ ಹೊತ್ತಿಗೆ ಬೇರೆ ಬೇರೆ ಧರ್ಮಗ್ರಂಥಗಳಿಂದ ಓದುತ್ತಾರೆ, ಹಾಡುವುದೂ ಉಂಟು, ಆದರೆ ವಾದ್ಯ ಇರುವುದಿಲ್ಲ. ಹಾಗಾಗಿ ತಾಳ, ಏಕತಾರಿ ರೂಮಿನಲ್ಲೇ ಇರಲಿ. ಜೊತೆಗೆ ಬರುವ ಭಕ್ತರಿಗೂ ಹೇಳಿ, ಒಳಗೆ ಪಾದಕ್ಕೆ ಬೀಳೋದು, ಜೈಕಾರ ಹಾಕೋದು, ಫೋಟೊ ತೆಗೆಯೋದು ಯಾವುದೂ ಬೇಡ. ಅಜ್ಜಾರನ್ನು ಸುಮ್ನೆ ಕೂರಲು ಬಿಡಿ. ಮಠದಲ್ಲಿ ಅಂಥ ಹೊತ್ತು ಅವರಿಗೆ ಸಿಗುವುದೇ ಅಪರೂಪ, ಅಲ್ವಾ?

ಪಾದರಕ್ಷೆ ಹೊರಗೇ ಬಿಡಬೇಕು. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಹೋಗಿ, ಬರಿಗಾಲು ಸುಡುತ್ತದೆ. ಹೊರಬಂದ ಮೇಲೆ ಕೊಳದ ಬದಿ ನಿಂತು ಆ 27 ಬಿಳಿ ಎಸಳುಗಳನ್ನು ನಿಧಾನವಾಗಿ ತೋರಿಸಿ. ಇರಾನ್ ಮೂಲದ ವಾಸ್ತುಶಿಲ್ಪಿ ಫರಿಬೋರ್ಜ್ ಸಹಬಾ ರೂಪಿಸಿದ್ದು, 1986ರಲ್ಲಿ ತೆರೆದದ್ದು. ಬಹಾಯಿ ಧರ್ಮ ಸ್ಥಾಪಿಸಿದ ಬಹಾವುಲ್ಲಾ ಯಾರು ಎಂದು ಅಜ್ಜಾರು ಕೇಳಿಯೇ ಕೇಳುತ್ತಾರೆ. ಆಗ ಅಲ್ಲಿನ ಮಾಹಿತಿ ಕೇಂದ್ರಕ್ಕೆ ಕರೆದೊಯ್ಯಿರಿ, ಹಿಂದಿ ಬಲ್ಲ ಒಬ್ಬರು ಪಕ್ಕದಲ್ಲಿದ್ದು ಕನ್ನಡದಲ್ಲಿ ಹೇಳುತ್ತಿರಲಿ.