ಪೀಠಿಕೆ ಬರೆಸುವ ಮೊದಲು ಚೀಲ ತೂಗಿಸಿ

ಮುಂಬೈನ ಅಂಧೇರಿ ಪೂರ್ವದ ನಮ್ಮ ಮನೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಮರಾಠಿ, ಲಿಫ್ಟ್‌ನಲ್ಲಿ ಹಿಂದಿ. ಮನವೊಲಿಸುವ ಪ್ರಬಂಧ ಬರೆಯಿರಿ ಅಂದರೆ ಮೊದಲು ‘ಪೀಠಿಕೆ’ ಎಂದು ಬರೆದು ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ. ಗೆರೆ ಚೆನ್ನಾಗಿಯೇ ಇರುತ್ತದೆ. ಅದರ ಕೆಳಗೆ ‘ಮಾನವನು ಸಂಘಜೀವಿ’, ಇಲ್ಲವೇ ‘ಇಂದಿನ ಆಧುನಿಕ ಯುಗದಲ್ಲಿ’. ಅವರನ್ನು ಬೈದು ಏನು ಪ್ರಯೋಜನ? ಎಸ್ಸೆಸ್ಸೆಲ್ಸಿಯಲ್ಲಿ ನಾನೂ ಅದನ್ನೇ ಬರೆದು ಅಂಕ ತಗೊಂಡವಳು.

ಮೊದಲ ವರ್ಷ ನಾನೊಂದು ಸೂತ್ರ ಕೊಟ್ಟೆ. ಒಂದು ಪ್ರಶ್ನೆ ಕೇಳಿ, ಹಿನ್ನೆಲೆ ಹೇಳಿ, ಅಭಿಪ್ರಾಯ ಬರೆಯಿರಿ. ಒಂಬತ್ತು ಪ್ರಬಂಧವೂ ‘ನಿಮಗೆ ಗೊತ್ತೇ?’ ಎಂದೇ ಶುರುವಾದವು!

ಈಗ ಪೆನ್ನು ಮುಟ್ಟಿಸುವುದಕ್ಕೆ ಮೊದಲು ಜಗಳ ಮಾಡಿಸುತ್ತೇನೆ. ಒಬ್ಬರು ಒಂದು ಮಾತು ಹೇಳಬೇಕು. ಯಾರೂ ‘ಇಲ್ಲ’ ಅನ್ನದಿದ್ದರೆ ಆ ಮಾತು ಪ್ರಬಂಧಕ್ಕೆ ಬೇಡ. ‘ಪರಿಸರ ಉಳಿಸಬೇಕು’ ಅಂದರೆ ಯಾರು ತಾನೇ ಬೇಡ ಅಂತಾರೆ? ಆದರೆ ‘ಹಳೇ ಡಬಲ್ ಡೆಕ್ಕರ್ ಬಸ್ ನಿಲ್ಲಿಸಿದ್ದು ತಪ್ಪು’ ಎಂದು ಒಬ್ಬ ಹೇಳಿದಾಗ ಹಾಲ್ ಎರಡು ಪಾಲಾಯಿತು. ಆ ಕೆಂಪು ಬಸ್ಸುಗಳು 2023ರ ಸೆಪ್ಟೆಂಬರ್ 15ಕ್ಕೆ ನಿಂತವು. ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡುವುದು ಬೇಕು ಅಂತ ಒಂದು ಗುಂಪು, ಹೊಸ ಎಲೆಕ್ಟ್ರಿಕ್ ಬಸ್ಸಿನಲ್ಲಿ ಎಸಿ ಇದೆಯಲ್ಲಾ ಅಂತ ಇನ್ನೊಂದು. ಅಲ್ಲಿಗೆ ಅಭಿಪ್ರಾಯದ ವಾಕ್ಯ ಸಿಕ್ಕಿತು. ಅದು ಪೀಠಿಕೆಯ ಕೊನೆಯ ಸಾಲು. ಅದನ್ನೇ ಮೊದಲು ಬರೆಸಿ, ಮೇಲೆ ಐದಾರು ಸಾಲು ಖಾಲಿ ಬಿಡಿಸಿ.

ಆಮೇಲೆ, ಇದನ್ನು ಯಾರಿಗೆ ಹೇಳ್ತಿದ್ದೀಯ ಅಂತ ಕೇಳಿ. ‘ಎಲ್ಲರಿಗೂ’ ಎಂಬ ಉತ್ತರ ಒಪ್ಪಬೇಡಿ. ಹೆಡ್‌ಮಿಸ್ಸಾ, ಅಪ್ಪನಾ, ಸೊಸೈಟಿ ಸೆಕ್ರೆಟರಿಯಾ? ಮುಖ ಕಣ್ಣೆದುರು ಬಂದರೆ ಭಾಷೆ ತಾನೇ ಸರಿಹೋಗುತ್ತದೆ.

ಮೊದಲ ಸಾಲಿಗೇ ನಾನು ಜಾಸ್ತಿ ಸಮಯ ಕೊಡುವುದು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಚೀಲದ ಭಾರದ ಬಗ್ಗೆ ಬರೆಯಲು ಕೂತಿದ್ದಳು. ‘ಚೀಲ ತುಂಬಾ ಭಾರ’ ಅಂತ ಬರೆದು ನಿಂತಳು. ಎಷ್ಟು ಭಾರ ಅಂದೆ. ಗೊತ್ತಿಲ್ಲ. ಸರಿ, ಕೆಳಗಿನ ರದ್ದಿ ಅಂಗಡಿಗೆ ಹೊರಟೆವು. ಹಳೇ ಪೇಪರ್ ತೂಗುವ ತಕ್ಕಡಿಯಲ್ಲಿ ಚೀಲ ಇಟ್ಟರೆ 5.5 ಕೆಜಿ! ಅಂಗಡಿಯವನು ನಕ್ಕು, ಮಾರ್ತೀಯಾ ಅಂತ ಕೇಳಿದ. ಅವಳ ತೂಕ 32 ಕೆಜಿ. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಶೇ. 10 ಮೀರಬಾರದು. ಲೆಕ್ಕ ಅವಳೇ ಹಾಕಿದಳು. ವಾಪಸ್ ಬಂದು ಬರೆದದ್ದು ಇದು:

‘ರದ್ದಿ ಅಂಗಡಿಯವನು ನನ್ನ ಚೀಲ ತೂಗಿ, ಮಾರ್ತೀಯಾ ಎಂದು ಕೇಳಿದ. ಅದು 5.5 ಕೆಜಿ ಇತ್ತು. ನಿಯಮದಂತೆ ನಾನು 3.2 ಕೆಜಿಗಿಂತ ಜಾಸ್ತಿ ಹೊರಬಾರದು. ಎಲ್ಲ ಪುಸ್ತಕ ದಿನಾ ಬೇಕಾಗುತ್ತದೆ ಎಂದು ಟೀಚರ್ ಹೇಳುತ್ತಾರೆ. ಬೇಕಾಗುತ್ತದೆ, ಆದರೆ ಮನೆಯಲ್ಲಿ ಅಲ್ಲ. ಆದ್ದರಿಂದ ಪ್ರತಿ ತರಗತಿಯಲ್ಲೂ ನಮಗೊಂದು ಕಪಾಟು ಕೊಡಬೇಕು.’

ನಾಲ್ಕನೇ ವಾಕ್ಯ ನೋಡಿ. ಎದುರಿನವರ ಮಾತನ್ನು ಇವಳೇ ಹೇಳಿಬಿಟ್ಟಳು. ಚಿಕ್ಕವರಿಗೆ ಇದು ಕಷ್ಟ, ಐದನೇ ಕ್ಲಾಸಿನ ತನಕ ಒತ್ತಾಯ ಮಾಡಬೇಡಿ. ನೀತಿ, ನಿಯಮದ ಹಿನ್ನೆಲೆ ಒಂದೇ ಸಾಲು ಸಾಕು. ಮಕ್ಕಳು ಗೂಗಲ್ ಮಾಡಿ ಒಂದು ಪುಟ ತುಂಬಿಸ್ತಾರೆ, ಮುಲಾಜಿಲ್ಲದೆ ಹೊಡೆದುಹಾಕಿಸಿ.

ಕಾಗುಣಿತ ಕೊನೆಗೆ ತಿದ್ದಿ. ‘ಳ’ ಬರುವ ಕಡೆ ‘ಲ’ ಬಂದರೆ ಆಕಾಶ ಬೀಳಲ್ಲ.

ಬರೆದ ಪೀಠಿಕೆಯನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿಸಿ. ಕೇಳಿದವರು ಒಂದೇ ಒಂದು ಪ್ರಶ್ನೆ ಹಾಕಬೇಕು. ಕಪಾಟಿನ ಪೀಠಿಕೆ ಕೇಳಿದ ಹುಡುಗ ತಲೆ ಕೆರೆದುಕೊಂಡು ಕೇಳಿದ: ‘ಬೀಗದ ಕೈ ಯಾರ ಹತ್ರ?’ ಅವಳು ಸುಮ್ನೆ ಹೊಸ ಪುಟ ತಿರುಗಿಸಿದಳು.