ಬ್ಯಾಟರಿ ಮಾಡೆಲ್: ಪಲ್ಸ್‌ಗಿಂತ ವಿರಾಮದಲ್ಲೇ ಜಾಸ್ತಿ ಸಿಕ್ಕಿತು

ಸಿಮ್ಯುಲೇಶನ್‌ನಲ್ಲಿ ಬ್ಯಾಟರಿ ಬೇಕಾದಾಗ ಒಂದು ವೋಲ್ಟೇಜ್ ಸೋರ್ಸ್, ಅದಕ್ಕೊಂದು ರೆಸಿಸ್ಟರ್ ಇಟ್ಟು ಮುಂದೆ ಹೋಗುವವರೇ ಜಾಸ್ತಿ. ಲೋಡ್ ಒಂದೇ ಸಮನಾಗಿದ್ದರೆ ಅಷ್ಟೇ ಸಾಕು. ನನ್ನ ಲೋಡ್ ಮೋಟಾರ್. ಕರೆಂಟ್ ಏರುತ್ತದೆ, ಇಳಿಯುತ್ತದೆ, ಬ್ರೇಕ್ ಹಾಕಿದಾಗ ವಾಪಸ್ ಬರುತ್ತದೆ. ಅದಕ್ಕೇ ಎರಡು ಆರ್‌ಸಿ ಜೋಡಿ (ವೋಲ್ಟೇಜ್ ನಿಧಾನವಾಗಿ ಬದಲಾಗುವುದನ್ನು ತೋರಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಸೇರಿಸಿದೆ.

ಸೆಲ್ 2.5 ಆಂಪಿಯರ್-ಅವರ್‌ನ ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಇರುವ ಲಿಥಿಯಂ ಸೆಲ್). ಮೊದಲು ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಕರೆಂಟ್ ಹರಿಯದಿದ್ದಾಗಿನ ವೋಲ್ಟೇಜ್ ಬೇಕಿತ್ತು. ಬರೀ 0.1 ಆಂಪಿಯರ್‌ನಲ್ಲಿ ಪೂರ್ತಿ ಖಾಲಿ ಮಾಡಿ, ಅಷ್ಟೇ ನಿಧಾನವಾಗಿ ಮತ್ತೆ ತುಂಬಿಸಿದೆ. ಒಂದೊಂದು ಕಡೆಗೂ ಒಂದು ದಿನದಷ್ಟು ಹಿಡಿಯುತ್ತದೆ. ಚಾರ್ಜ್‌ಗೆ ತಕ್ಕಂತೆ ವೋಲ್ಟೇಜ್ ತೋರಿಸುವ ಎರಡೂ ಗೆರೆಗಳ ಸರಾಸರಿ ತೆಗೆದುಕೊಂಡೆ. ಇಲ್ಲಿ ಅವಸರ ಬೇಡ. ಈ ಗೆರೆ ತಪ್ಪಾದರೆ ಮುಂದಿನ ಎಲ್ಲ ಲೆಕ್ಕವೂ ಅದನ್ನು ಸರಿದೂಗಿಸಲು ಹೋಗಿ ಕೆಡುತ್ತದೆ.

ಆಮೇಲೆ ಪಲ್ಸ್, ಅಂದರೆ ಸ್ವಲ್ಪ ಹೊತ್ತು ಮಾತ್ರ ಎಳೆಯುವ ಕರೆಂಟ್. ಶೇ. 10ರಷ್ಟು ಚಾರ್ಜ್ ಇಳಿಸುವುದು, ಒಂದು ಗಂಟೆ ಸುಮ್ನೆ ಬಿಡುವುದು, 2.5 ಆಂಪಿಯರ್ ಅನ್ನು 10 ಸೆಕೆಂಡ್ ಎಳೆಯುವುದು. ಅರ್ಧ ಚಾರ್ಜ್ ಹತ್ತಿರ 3.70 ವೋಲ್ಟ್ ಇದ್ದದ್ದು ತಟಕ್ಕನೆ 3.62ಕ್ಕೆ ಬಿತ್ತು. 0.08 ಅನ್ನು 2.5ರಿಂದ ಭಾಗಿಸಿದರೆ 32 ಮಿಲಿಓಮ್. ಇದೇ ಸೀರೀಸ್ ರೆಸಿಸ್ಟೆನ್ಸ್. ಆದರೆ ಆ ತಟಕ್ಕನೆ ಬೀಳುವುದು ಕಾಣಬೇಕಾದರೆ ಲಾಗರ್ (ರೀಡಿಂಗ್ ದಾಖಲಿಸುವ ಸಾಧನ) ವೇಗವಾಗಿರಬೇಕು. ಸೆಕೆಂಡಿಗೊಂದು ರೀಡಿಂಗ್ ಆದರೆ ನಿಧಾನದ ಇಳಿತವೂ ಅದರಲ್ಲೇ ಸೇರಿ ರೆಸಿಸ್ಟೆನ್ಸ್ ಜಾಸ್ತಿ ಕಾಣುತ್ತದೆ. ನಾನು 10 ಮಿಲಿಸೆಕೆಂಡ್ ಇಟ್ಟಿದ್ದೆ.

10 ಸೆಕೆಂಡಿನ ಪಲ್ಸ್‌ನಿಂದ ಬೇಗ ಸ್ಪಂದಿಸುವ ಆರ್‌ಸಿ ಜೋಡಿ ಚೆನ್ನಾಗಿ ಸಿಗುತ್ತದೆ. ಇನ್ನೊಂದಕ್ಕೆ ನಿಮಿಷಗಳೇ ಬೇಕು, 10 ಸೆಕೆಂಡಿನಲ್ಲಿ ಅದು ಅಲುಗಾಡುವುದೂ ಇಲ್ಲ. ಅದು ಇರುವುದು ಚಾರ್ಜ್ ಇಳಿಸಿದ ಮೇಲಿನ ಆ ಒಂದು ಗಂಟೆಯಲ್ಲಿ. ವೋಲ್ಟೇಜ್ ಮೆಲ್ಲಗೆ ಮೇಲೇರುತ್ತಾ ಹೋಗುತ್ತದಲ್ವಾ, ಆ ಭಾಗವನ್ನು ದಯವಿಟ್ಟು ರೆಕಾರ್ಡ್ ಮಾಡಿ. ಕರೆಂಟ್ ಇಲ್ಲ ಅಂತ ಲಾಗರ್ ನಿಲ್ಲಿಸಬೇಡಿ.

ಸಿಕ್ಕ ಬೆಲೆಗಳನ್ನು ಚಾರ್ಜ್ ಮತ್ತು ತಾಪಮಾನಕ್ಕೆ ತಕ್ಕಂತೆ ಟೇಬಲ್‌ನಲ್ಲಿ ಹಾಕಿದೆ. ಚಳಿಯಲ್ಲಿ ರೆಸಿಸ್ಟೆನ್ಸ್ ಜೋರಾಗಿ ಏರುವುದರಿಂದ 25 ಡಿಗ್ರಿಯ ಜೊತೆ 0 ಡಿಗ್ರಿಯ ಅಳತೆಯೂ ಬೇಕೇ ಬೇಕು. ಶೇ. 20ಕ್ಕಿಂತ ಕೆಳಗೆ ಪಾಯಿಂಟ್‌ಗಳನ್ನು ಹತ್ತಿರ ಹತ್ತಿರ ಇಟ್ಟೆ. ನಡುವಿನ ಬೆಲೆಗಳಿಗೆ ನೇರ ಗೆರೆಯೇ ಸಾಕು. ಕ್ಯೂಬಿಕ್ ಸ್ಪ್ಲೈನ್ ಎಂಬ ಬಾಗಿದ ಗೆರೆ ನೋಡಲು ನಯವಾಗಿದ್ದರೂ ಪಾಯಿಂಟ್‌ಗಳ ಮಧ್ಯೆ ಇಲ್ಲದ ಏರಿಳಿತ ಹುಟ್ಟಿಸಬಲ್ಲದು.

ಕೊನೆಗೆ ಫಿಟ್ ಮಾಡಲು ಬಳಸದೇ ಇದ್ದ ಬೇರೆ ಕರೆಂಟ್ ಪ್ರೊಫೈಲ್ ಓಡಿಸಿ ತಾಳೆ ನೋಡಿದೆ. ಮಧ್ಯದಲ್ಲಿ ಚೆನ್ನಾಗಿ ಕೂತಿತು. ಕೊನೆಯ ಶೇ. 10ರಲ್ಲಿ ಅಂತರ ದೊಡ್ಡದಾಯಿತು. ಅಲ್ಲಿ ಚಾರ್ಜ್ ಲೆಕ್ಕ ಸ್ವಲ್ಪ ಆಚೀಚೆ ಆದರೂ ವೋಲ್ಟೇಜ್ ತುಂಬಾ ಬದಲಾಗುತ್ತದೆ. ಹಾಗಾಗಿ ಆ ಭಾಗದ ಫಲಿತಾಂಶವನ್ನು ನಾನು ಡಿಸೈನ್‌ಗೆ ಬಳಸುವುದಿಲ್ಲ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಆದರೆ ಸರಾಸರಿಯ ಗೆರೆ ಸಾಲದು. ಅದರಲ್ಲಿ ಚಾರ್ಜ್, ಡಿಸ್ಚಾರ್ಜ್ ಗೆರೆಗಳು ವಿಶ್ರಾಂತಿ ಕೊಟ್ಟರೂ ಒಂದಾಗುವುದಿಲ್ಲ, ಹಿಸ್ಟರಿಸಿಸ್ ಎಂಬ ಈ ಅಂತರವನ್ನು ಮಾಡೆಲ್‌ಗೆ ಬೇರೆಯಾಗಿಯೇ ಸೇರಿಸಬೇಕು.